ಅಸದನ ಗಾದಿಯ ಮೋಡ

ದಾವಣಗೆರೆಯ ವಿನೋಬನಗರದಲ್ಲಿ ಮಾಸೂಮಾ ಹೊಲಿದ ಗಾದಿಯ ಮೇಲೆ ಮಲಗದವರು ಕಡಿಮೆ. ಗಂಡ ಮುನಾಫ್ ಸಾಬ ಬಿಲ್ಲಿನಿಂದ ಹತ್ತಿ ಹಿಂಜಿ ಕೊಡುತ್ತಿದ್ದ, ಇವಳು ಅದನ್ನು ಗವಸಿಗೆ ತುಂಬಿ ದಬ್ಬಣದಲ್ಲಿ ಹೊಲಿಯುತ್ತಿದ್ದಳು. ಮಾಯಕೊಂಡದಿಂದ ಮದುವೆಯಾಗಿ ಬಂದಾಗ ಇವಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ ಎಂದು ಅತ್ತೆ ಕೊನೆಯವರೆಗೂ ಆಡಿಕೊಂಡಳು. ಅತ್ತೆಯ ಮಾತು, ಅರ್ಧ ಬಿಟ್ಟು ಅರ್ಧ ನಂಬಬೇಕು.

ಆ ಅತ್ತೆಯೇ ಹೇಳಿಕೊಟ್ಟ ಒಂದು ಕಟ್ಟಳೆಯನ್ನು ಮಾತ್ರ ಮಾಸೂಮಾ ಎಂದೂ ಮೀರಲಿಲ್ಲ. ಒಂದು ಮನೆಯ ಹತ್ತಿಯನ್ನು ಇನ್ನೊಂದು ಮನೆಯದರ ಜೊತೆ ಬೆರೆಸಬಾರದು. ಹಿಂಜಲು ಬಂದ ಹಳೆಯ ಗಾದಿಯ ಹತ್ತಿ, ಹಿಡಿಯಷ್ಟೂ ಆಚೀಚೆ ಆಗದೆ, ಮತ್ತೆ ಅದೇ ಗವಸಿಗೆ ಹೋಗಬೇಕು. ಮಲಗಿದವರ ನಿದ್ದೆ, ಜ್ವರ, ಕಣ್ಣೀರು ಎಲ್ಲ ಆ ಹತ್ತಿಯೊಳಗೆ ಇಳಿದಿರುತ್ತದೆ, ಅದನ್ನು ಬೇರೆಯವರ ಬೆನ್ನಿಗೆ ಕಟ್ಟಬಾರದು ಎಂಬುದು ಆ ಮನೆಯವರ ನಂಬಿಕೆ. ಅಂಗಡಿಯಲ್ಲಿ ಗಾದಿ ಕೊಳ್ಳುವವರಿಗೆ ಇದೆಲ್ಲ ಹುಚ್ಚಾಟ ಅನ್ನಿಸಬಹುದು. ಅನ್ನಿಸಲಿ ಬಿಡಿ.

ಅವರ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಗಾದಿ ಇತ್ತು. ಮಗ ಅಸದನದು. ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟ ಮಗು ಅದು. ಆಮೇಲೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗ ಬರಲಿಲ್ಲ. ಪ್ರತಿ ರಂಜಾನಿಗೆ ಮೊದಲು ಮಾಸೂಮಾ ಆ ಗಾದಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುವಳು, ಸಂಜೆ ತಂದು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತು, ಮತ್ತೆ ಪೆಟ್ಟಿಗೆಗೆ ಸೇರಿಸುವಳು. ಗಂಡ ನೋಡಿಯೂ ನೋಡದವನಂತೆ ಇದ್ದುಬಿಡುತ್ತಿದ್ದ.

ತೊಂಬತ್ತೇಳರ ಬೇಸಿಗೆಯಲ್ಲಿ ಊರಿಗೆ ಸಿನಿಮಾದವರು ಬಂದರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದ ಕಾಲ, ಹತ್ತಿಯ ಗೋಡೌನುಗಳು ಭಣಭಣ ಎನ್ನುತ್ತಿದ್ದವು. ಅಂಥದೊಂದರಲ್ಲಿ ಮೋಡ ಕಟ್ಟಲು ಬಂದವರು ಇವರು. ರಾಜಕುಮಾರಿಯ ಪಲ್ಲಕ್ಕಿ ಮೋಡದ ನಡುವೆ ಹಾರಿಹೋಗುವ ಕಥೆಯಂತೆ. ಪಲ್ಲಕ್ಕಿ ಅಂಗೈ ಉದ್ದದ್ದು, ತಂತಿಗೆ ಕಟ್ಟಿದ್ದು. ಮೋಡಕ್ಕೆ ಹತ್ತಿ ಹಿಂಜಲು ಮುನಾಫ್ ಸಾಬನನ್ನು ಕರೆದುಕೊಂಡು ಹೋದರು. ಅವನು ಹಿಂಜಿದ್ದನ್ನು ಹರಡಿ, ದೀಪ ಹಾಕಿ ನೋಡಿದ ಟ್ರಿಕ್ ದೃಶ್ಯದ ಮೇಷ್ಟ್ರು ಆಗದೆಂದು ತಲೆಯಾಡಿಸಿದರು.

"ಸಾಬ್ರೇ, ಹೊಸ ಹತ್ತಿ ಲೈಟಿಗೆ ಹತ್ತಿ ಥರಾನೇ ಕಾಣುತ್ತೆ. ದೂರಕ್ಕೇನೋ ನಡೆಯುತ್ತೆ. ಕ್ಯಾಮೆರಾ ಮುಂದಕ್ಕೆ ನಾಲ್ಕು ಜನ ಮಲಗಿ ಎದ್ದ ಹಳೇ ಹತ್ತಿ ಬೇಕು."

ಗಿರಾಕಿಗಳ ಹತ್ತಿ ಮುಟ್ಟುವ ಹಾಗಿಲ್ಲ. ಮುನಾಫ್ ಸಾಬ ತನ್ನ ಮನೆಯ ಗಾದಿಯನ್ನೇ ಬಿಚ್ಚಿ ಹಿಂಜಿಕೊಟ್ಟ, ದಿಂಬುಗಳನ್ನೂ ಕೊಟ್ಟ. ಗಂಡ ಹೆಂಡತಿ ಚಾಪೆಯ ಮೇಲೆ ಮಲಗಿದರು. ಆದರೂ ತುಸು ಸಾಲದೆ ಬಂತು. ಅವನು ಊಟಕ್ಕೆ ಕೂತು ಅದನ್ನೇ ಹೇಳುತ್ತಿದ್ದಾಗ ಮಾಸೂಮಾ ಎದ್ದು ಹೋಗಿ ಪೆಟ್ಟಿಗೆ ತೆಗೆದಳು.

"ಇದನ್ನ ಒಯ್ರಿ."

ಮುನಾಫ್ ಸಾಬನ ಕೈಯ ತುತ್ತು ಕೈಯಲ್ಲೇ ನಿಂತಿತು. "ಬ್ಯಾಡ. ನಾ ಅದನ್ನ ಕೇಳಿಲ್ಲ."

"ನೀವು ಕೇಳಿಲ್ಲ, ನಾನೇ ಕೊಡ್ತಾ ಇದೀನಿ. ಕತ್ತಲಾಗೆ ಎಷ್ಟಂತ ಮಲಗ್ತಾನೆ? ನಾಕು ದಿನ ಬೆಳಕು ಕಾಣ್ಲಿ. ಆದ್ರೆ ಯಾವುದಕ್ಕೂ ಬೆರೆಸಬ್ಯಾಡ್ರಿ. ಮತ್ತೆ ವಾಪಸ್ ತರ್ಬೇಕು."

ಅವನು ಆಣೆ ಮಾಡಿದ. ಅವಳು ಹೊಲಿಗೆ ಬಿಚ್ಚಿ, ಗವಸನ್ನು ಇಟ್ಟುಕೊಂಡು, ಹತ್ತಿಯನ್ನಷ್ಟೇ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಆ ಗಂಟು ಬಾಗಿಲು ದಾಟುವಾಗ ಅವಳು ಹೊಸ್ತಿಲವರೆಗೆ ಹಿಂದೆಯೇ ಹೋದಳು. ಕೂಗಿ ಕರೆಯಬೇಕು ಅನ್ನಿಸಿತು, ಕರೆಯಲಿಲ್ಲ.

ಹತ್ತಿ ಇದ್ದಲ್ಲಿ ಅಷ್ಟೊಂದು ದೀಪ ಉರಿಸಿದರೆ ಏನಾಗಬೇಕೋ ಅದೇ ಆಯಿತು. ಚಿತ್ರೀಕರಣ ಮುಗಿದ ದಿನ, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ಒಂದು ದೀಪದ ಕಂಬ ಉರುಳಿ ಮೋಡದ ಮೇಲೆ ಬಿತ್ತು. ಜನರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಮೋಡ ಮಾತ್ರ ಒಂದು ಎಳೆಯೂ ಉಳಿಯಲಿಲ್ಲ. ಮುನಾಫ್ ಸಾಬ ಬರಿಗೈಯಲ್ಲಿ, ಹೊಗೆಯ ವಾಸನೆ ಹೊತ್ತು ಮನೆಗೆ ಬಂದು ಹೊಸ್ತಿಲಲ್ಲೇ ಕುಸಿದ.

ಮಾಸೂಮಾ ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು.

"ಬೆರೆಸಿದ್ರೇನು?" ಎಂದಷ್ಟೇ ಕೇಳಿದಳು.

"ಇಲ್ಲ. ಅಲ್ಲಾನ ಆಣೆ, ಬೆರೆಸಿಲ್ಲ. ಅಸದಂದು ಒಂದೇ ಕಡೆ, ಕ್ಯಾಮೆರಾದ ಮೂತಿ ಮುಂದೆ ಇಟ್ಟಿದ್ದೆ. ಪಲ್ಲಕ್ಕಿ ಅದರ ಹಿಂದೆ ಹಾದು ಹೋಗ್ತೈತೆ. ಸಿನಿಮಾ ಬರ್ಲಿ, ನೋಡುವಂತೆ."

ಅಂದಿನಿಂದ ಅವಳಿಗೆ ಅದೊಂದೇ ಹಂಬಲ. ಮಗನ ಮೈ ಮುಟ್ಟಿದ್ದು ಈ ಲೋಕದಲ್ಲಿ ಇನ್ನೆಲ್ಲೂ ಉಳಿದಿಲ್ಲ, ಇದ್ದರೆ ಆ ಸಿನಿಮಾದಲ್ಲಿ. ಗೋಡೆಯ ಮೇಲೆ ಹೊಸ ಪೋಸ್ಟರ್ ಬಿದ್ದರೆ ಸಾಕು, ಪಕ್ಕದ ಮನೆಯ ಬಸವಣ್ಣೆಮ್ಮನಿಂದ ಓದಿಸಿ ಕೇಳುವಳು. ಬಸವಣ್ಣೆಮ್ಮನಿಗೆ ಸಿನಿಮಾ ಅಂದರೆ ಪ್ರಾಣ. ಮಾಸೂಮಾ ಅಲ್ಲಿಯವರೆಗೆ ಟಾಕೀಸಿನ ಮೆಟ್ಟಿಲು ಹತ್ತಿದವಳಲ್ಲ.

ಮರುವರ್ಷ ಸಿನಿಮಾ ಬಂತು. ಹೆಂಗಸರಿಬ್ಬರೂ ಮ್ಯಾಟಿನಿಗೆ ಹೋದರು. ಮಾಸೂಮಾ ಕಣ್ಣು ಮಿಟುಕಿಸದೆ ಕೂತಳು. ರಾಜಕುಮಾರಿ ಪಲ್ಲಕ್ಕಿ ಏರಿದಳು, ಪಲ್ಲಕ್ಕಿ ಅರಮನೆಯ ಮಾಳಿಗೆ ಬಿಟ್ಟು ಮೇಲೆದ್ದಿತು. ಮರುಕ್ಷಣವೇ ಬೇರೊಂದು ರಾಜ್ಯದ ತೋಟದಲ್ಲಿ ಇಳಿಯಿತು. ಮೋಡವೂ ಇಲ್ಲ, ಮಣ್ಣೂ ಇಲ್ಲ.

"ನಾ ಕಣ್ಣು ಮುಚ್ಚಿದ್ನೇನೇ?" ಎಂದಳು ಮಾಸೂಮಾ, ಬಸವಣ್ಣೆಮ್ಮನ ಕೈ ಹಿಡಿದು.

"ಇಲ್ಲ ತಗಾ ಅಕ್ಕ, ನಂಗೂ ಕಾಣ್ಲಿಲ್ಲ."

ಮುನಾಫ್ ಸಾಬ ಟಾಕೀಸಿನವರನ್ನು ಹೋಗಿ ವಿಚಾರಿಸಿದ. ಯಂತ್ರ ತಿರುಗಿಸುವವನು ಬೀಡಿ ಹಚ್ಚುತ್ತ ಹೇಳಿದ. "ಸಿನಿಮಾ ಭಾಳ ಉದ್ದ ಐತ್ರಿ, ಮುಂದಿನ ಆಟಕ್ಕೆ ಲೇಟಾಗ್ತಿತ್ತು. ಹಾಡು ಕೊಯ್ದ್ರೆ ಜನ ಕುರ್ಚಿ ಹರೀತಾರೆ. ಮೋಡ ಕೊಯ್ದ್ರೆ ಯಾರು ಕೇಳ್ತಾರೆ?"

ಕೇಳುವವಳು ಒಬ್ಬಳಿದ್ದಾಳೆ ಎಂದು ಮುನಾಫ್ ಸಾಬನ ನಾಲಿಗೆ ತುದಿಗೆ ಬಂತು. ಹೇಳಲಾಗದೆ ವಾಪಸಾದ. ಆ ವಾರವೇ ಸಿನಿಮಾ ಎತ್ತಂಗಡಿ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಸೂಮಾ ಆ ರಂಜಾನಿಗೆ ಖಾಲಿ ಗವಸನ್ನೇ ಬಿಸಿಲಿಗೆ ಹಾಕಿದಳು.

ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ ಬಸವಣ್ಣೆಮ್ಮ ಪೇಪರು ಹಿಡಿದು ಬಂದಳು. ಆ ಸಿನಿಮಾಕ್ಕೆ ದಿಲ್ಲಿಯಲ್ಲಿ ರಾಷ್ಟ್ರಪ್ರಶಸ್ತಿ, ಅದೂ ಸ್ಪೆಷಲ್ ಎಫೆಕ್ಟಿಗೆ. ಪಲ್ಲಕ್ಕಿ ಹಾರುವ ಆ ಮೋಡದ ದೃಶ್ಯವನ್ನೇ ತೀರ್ಪುಗಾರರು ಮೆಚ್ಚಿದರಂತೆ. ಮುನಾಫ್ ಸಾಬನಿಗೆ ನೆಲ ಕಾಣಲಿಲ್ಲ. ಬಜಾರೆಲ್ಲ ತಿರುಗಿ ಡಂಗುರ ಸಾರಿದ. "ಸಾಬ್ರ ಬಿಲ್ಲಿಗೆ ರಾಷ್ಟ್ರಪತಿ ಹಾರ ಹಾಕ್ತಾರಂತಪ್ಪ" ಎಂದು ಚಹಾದಂಗಡಿಯವರು ಕಾಲೆಳೆದರು, ಅವನು ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡ.

ಮಾಸೂಮಾ ಕೇಳಿದ್ದು ಒಂದೇ. "ಪ್ರಶಸ್ತಿ ಬಂದ್ರೆ ಸಿನಿಮಾ ಮತ್ತೆ ಬರ್ತೈತೇನ್ರಿ?"

ಬಂತು. ದಾವಣಗೆರೆಗೆ ಅಲ್ಲ, ಹರಿಹರಕ್ಕೆ. ಪೋಸ್ಟರಿನ ಮೇಲೆ ರಾಷ್ಟ್ರಪ್ರಶಸ್ತಿ ಎಂಬ ಕೆಂಪು ಚೀಟಿ ಅಂಟಿಸಿಕೊಂಡು ಬಂತು. ಗಂಡ ಹೆಂಡತಿ ಕೆಲಸ ಬಿಟ್ಟು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾಸೂಮಾಗೆ ಒಂದೇ ಚಿಂತೆ. ಇಲ್ಲಿಯೂ ಕೊಯ್ದಿದ್ದರೆ? ಇನ್ನೊಂದು ಪ್ರಶಸ್ತಿ ಯಾರು ಕೊಡುತ್ತಾರೆ, ಇನ್ನೊಮ್ಮೆ ಯಾರು ತರುತ್ತಾರೆ? ಟಾಕೀಸಿನ ಮುಂದೆ ಇಳಿದವಳೇ, ಪರಗಂಡಸರೊಂದಿಗೆ ತಲೆಯೆತ್ತಿ ಮಾತಾಡದವಳು, ಸೀದಾ ಹೋಗಿ ಯಂತ್ರದ ಕೋಣೆಯ ಮೆಟ್ಟಿಲಲ್ಲಿ ಕೂತಿದ್ದ ಹನುಮಂತಪ್ಪನೆಂಬವನ ಮುಂದೆ ನಿಂತಳು.

"ಅಣ್ಣಾರೆ, ಮೋಡ ಕೊಯ್ದೀರೇನು?"

ಹನುಮಂತಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಅದನ್ನ ಕೊಯ್ಯೋಕಾಗ್ತೈತೇನಮ್ಮ? ಪ್ರಶಸ್ತಿ ಬಂದಿದ್ದೇ ಅದಕ್ಕೆ. ಅದನ್ನ ಕೊಯ್ದ್ರೆ ಜನ ನನ್ನ ಕೊಯ್ತಾರೆ. ಹೋಗಿ ಕೂಡ್ರಿ."

ಕೂತರು. ಜನ ಅಷ್ಟಾಗಿ ಇರಲಿಲ್ಲ. ಪಲ್ಲಕ್ಕಿ ಮಾಳಿಗೆ ಬಿಟ್ಟು ಮೇಲೆದ್ದಾಗ ಮಾಸೂಮಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ತೋಟ ಬರಲಿಲ್ಲ. ಆಕಾಶ ಬಂತು. ದೂರದಲ್ಲಿ ಚೂರು ಚೂರು ಬಿಳಿ ಮೋಡ, ಅದರ ನಡುವೆ ಪಲ್ಲಕ್ಕಿ ತೇಲುತ್ತ ಬರುತ್ತಿತ್ತು.

"ಇದಲ್ಲ, ಇದು ಹೊಸ ಹತ್ತಿ" ಎಂದು ಮುನಾಫ್ ಸಾಬ ಪಿಸುಗುಟ್ಟಿದ. "ಇದರ ಮುಂದಿರೋದು ನಮ್ಮ ದೊಡ್ಡ ಗಾದೀದು. ತಡಿ, ಅವಂದು ಈಗ ಬರ್ತೈತೆ."

ತೆರೆಯ ಕೆಳಗಿನ ಅಂಚಿನಿಂದ ಒಂದು ಮೋಡ ಏಳತೊಡಗಿತು. ಬಿಳಿಯೂ ಅಲ್ಲದ, ಹಳದಿಯೂ ಅಲ್ಲದ, ಹಾಲಿನ ಕೆನೆಯ ಬಣ್ಣದ ಮೋಡ. ಅದು ನಿಧಾನವಾಗಿ ಮೇಲೆ ಮೇಲೆ ಬಂದು, ಅಕ್ಕಪಕ್ಕ ಹರಡಿ, ಇಡೀ ತೆರೆಯನ್ನು ತುಂಬಿಕೊಂಡಿತು. ಪಲ್ಲಕ್ಕಿ ಅದರ ಹಿಂದೆ ಮರೆಯಾಯಿತು. ಟಾಕೀಸಿನ ಕತ್ತಲೆಯೇ ತಿಳಿಯಾಗಿ, ಕೂತವರ ಮುಖಗಳೆಲ್ಲ ಕಂಡವು. ಮಾಸೂಮಾ ತಲೆಯನ್ನು ಹಿಂದಕ್ಕೆ ಬಾಗಿಸಿ, ಬೆಳೆದ ಮಗನನ್ನು ನೋಡಲು ತಾಯಿಯರು ಕತ್ತೆತ್ತುವ ಹಾಗೆ ನೋಡಿದಳು. ತೊಡೆಯ ಮೇಲೆ ಹಿಡಿಸುತ್ತಿದ್ದ ಗಾದಿ ಅದು.

"ಇದೇ ಏನ್ರಿ?"

"ಹೂಂ. ಇದೇ."

"ಎಷ್ಟು ದೊಡ್ಡೋನಾಗ್ಯಾನ್ರಿ" ಎಂದಳು.

ಮುನಾಫ್ ಸಾಬ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಮಗ ಹೋದ ಮೇಲೆ ಹದಿಮೂರು ವರ್ಷ ಅಳದವನು ಅತ್ತುಬಿಟ್ಟ. ಅವಳು ಅವನ ಕಡೆ ತಿರುಗಲಿಲ್ಲ. ಮೋಡ ಕೆಳಗಿಳಿದು, ಪಲ್ಲಕ್ಕಿ ಆಚೆಯ ರಾಜ್ಯದ ತೋಟಕ್ಕೆ ಇಳಿದು, ಅಲ್ಲಿ ಹಾಡು ಶುರುವಾಗಿ, ಜನ ಸಿಳ್ಳೆ ಹಾಕಿದ ಮೇಲೆಯೂ ಅವಳ ಕತ್ತು ಎತ್ತಿದ ಹಾಗೆಯೇ ಇತ್ತು.

ಆಟ ಮುಗಿಯಿತು. ದೀಪ ಹತ್ತಿ ಜನ ಎದ್ದರು. ಮುನಾಫ್ ಸಾಬ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಬಸ್ಸಿಗೆ ಹೊತ್ತಾಯಿತು, ಏಳು ಅಂದ. ಮಾಸೂಮಾ ಏಳಲಿಲ್ಲ.

"ಮುಂದಿನ ಆಟಕ್ಕೂ ಟಿಕೇಟ್ ತಗೊಂಡ್ಬರ್ರಿ. ನಾ ಇಲ್ಲೇ ಕುಂತಿರ್ತೀನಿ."