ಮೈಕಮ್ಮನ ಳಕಾರ

ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಹೇಳುವುದು ಅವಳ ಕೆಲಸ. ಡ್ರೈವರು, ಕಂಡಕ್ಟರು, ಹಣ್ಣಿನವಳು, ಎಲ್ಲರಿಗೂ ಅವಳು ಮೈಕಮ್ಮ. ಬಸ್ಸಿನ ಊರು ಹೇಳಿ ಸುಮ್ಮನಾಗುವವಳಲ್ಲ. "ಒಳಗಿರೋರು ಇಳೀಲಿ, ಆಮೇಲೆ ಹತ್ತಿ. ಮಕ್ಕಳ ಕೈ ಬಿಡಬೇಡಿ. ಏ ನೀಲಿ ಅಂಗಿಯಣ್ಣ, ನಿಮ್ಮ ಚೀಲ ಬೆಂಚಿನ ಮೇಲೇ ಉಳೀತು ನೋಡಿ!" ಎಂದು ಮನೆ ಬಾಗಿಲಲ್ಲಿ ನಿಂತು ಕರೆದ ಹಾಗೆ ಕರೆಯುತ್ತಿದ್ದಳು. ಜನ ನಗುತ್ತಿದ್ದರು, ಚೀಲವನ್ನೂ ಎತ್ತಿಕೊಳ್ಳುತ್ತಿದ್ದರು.

ಆಮೇಲೆ ನಿಲ್ದಾಣವನ್ನು ಒಂದು ಕಂಪನಿ ವಹಿಸಿಕೊಂಡಿತು. ನೆಲಕ್ಕೆ ಹೊಳೆಯುವ ಕಲ್ಲು ಬಂತು, ಬೋರ್ಡುಗಳೆಲ್ಲ ಇಂಗ್ಲಿಷಿಗೆ ತಿರುಗಿದವು. ಹೊಸ ಮ್ಯಾನೇಜರ್ ಅವಳನ್ನು ಕರೆಸಿದ.

"ಗಾಬರಿ ಬೇಡ ಮೇಡಂ, ನಿಮ್ಮನ್ನ ತೆಗೀತಿಲ್ಲ. ಮೊದಲು ಇಂಗ್ಲಿಷಲ್ಲಿ ಹೇಳಿ, ಆಮೇಲೆ ನಮ್ಮ ಭಾಷೇಲಿ. ಆದ್ರೆ ಎರಡೂ ಒಂದೇ ಧಾಟೀಲಿ ಇರಬೇಕು."

"ಅಂದ್ರೆ, ನಮ್ಮ ಮಾತನ್ನೂ ಇಂಗ್ಲಿಷಿನ ಹಾಗೇ ಆಡೋದಾ ಸಾರ್?"

"ಕೇಳೋಕೆ ನೀಟಾಗಿರತ್ತೆ, ಅಷ್ಟೇ."

ಕಲಿಸಲು ಒಬ್ಬ ಹುಡುಗಿ ಬಂದಳು. ಕೆಟ್ಟವಳೇನಲ್ಲ. "ಅಕ್ಕಾ, ಆ 'ಳ' ಇದೆಯಲ್ಲ, ಅದು ತುಂಬ ಒರಟಾಗಿ ಕೇಳಿಸತ್ತೆ. ನಾಲಿಗೆ ಅಷ್ಟು ಮಡಿಚಬೇಡಿ" ಎಂದಳು. ಮನೆಯಲ್ಲಿ ಕಣ್ಣು ಮಂಜಾದ ತಾಯಿ, ದುಡಿಯುವವಳು ಇವಳೊಬ್ಬಳೇ. ಹೂಂ ಎಂದಳು. ಪಾತ್ರೆ ತೊಳೆಯುವಾಗಲೂ ಬಟ್ಟೆ ಹಿಂಡುವಾಗಲೂ ಅದೇ ಅಭ್ಯಾಸ: ಬೆಲಗ್ಗೆ, ಮಕ್ಕಲು, ಒಲಗೆ. ಬರಬರುತ್ತಾ ನಾಲಿಗೆ ಪಳಗಿತು. ಹುಡುಗಿ ಚಪ್ಪಾಳೆ ತಟ್ಟಿದಳು.

ಒಂದು ಸಂಜೆ ತಾಯಿಯ ಮಂಚದ ಹತ್ತಿರ ಹೋಗಿ, "ಅಮ್ಮಾ, ಕಾಲು ಕೆಲಗಿಡು, ಬಿಸಿನೀರು ತಂದಿದೀನಿ" ಎಂದಳು. ತಾಯಿ ಗೋಡೆಗೆ ಸರಿದಳು.

"ಯಾರು ನೀವು? ನನ್ನ ಮಗಳು ಇನ್ನೂ ಬಂದಿಲ್ಲ."

"ನಾನೇ ಕಣಮ್ಮ."

ಮಗಳ ಬೆರಳುಗಳನ್ನು ಸವರಿ ನೋಡಿದ ಮೇಲೆ ತಾಯಿ, "ಬಾಯಲ್ಲಿ ಏನಿಟ್ಕೊಂಡಿದೀಯೇ? ಉಗುಳು!" ಎಂದಳು.

ಮೈಕಮ್ಮ ಬಚ್ಚಲಿಗೆ ಹೋಗಿ ಹಳೆಯ ಹಾಗೆ ಹೇಳಿ ನೋಡಿದಳು. ಕೆಲವು ಸಲ ಬಂತು, ಕೆಲವು ಸಲ ಬರಲಿಲ್ಲ. ಬಂದಾಗಲೂ ಯಾರನ್ನೋ ಅಣಕಿಸಿದ ಹಾಗಿತ್ತು.

ಮರುದಿನ ಮ್ಯಾನೇಜರನ ಮುಂದೆ ನಿಂತಳು. "ಸಾರ್, ಇಂಗ್ಲಿಷನ್ನ ಹೇಗೆ ಬೇಕಾದ್ರೂ ಹೇಳ್ತೀನಿ. ನಮ್ಮದನ್ನ ನಮ್ಮ ಹಾಗೇ ಬಿಟ್ಬಿಡಿ."

"ನಾನೇನ್ ಮಾಡ್ಲಿ ಮೇಡಂ? ಎಲ್ಲಾ ಮೇಲಿನೋರದು. ನಮ್ಮ ಮನೇಲೇ ಮಗನಿಗೆ ನಾನು ನಮ್ಮ ಭಾಷೇಲಿ ಬೈದ್ರೆ ಅವನಿಗೆ ಅರ್ಥ ಆಗಲ್ಲ" ಎಂದವನು ನಗಲು ಹೋಗಿ, ನಗಲಾರದೆ ಕಂಪ್ಯೂಟರಿನ ಕಡೆ ತಿರುಗಿಕೊಂಡ.

ವರ್ಷ ತುಂಬುವುದರೊಳಗೆ ಅವಳ ದನಿಯನ್ನು ರೆಕಾರ್ಡ್ ಮಾಡಿಕೊಂಡು, ಗಾಜಿನ ಕೋಣೆಗೆ ಬೀಗ ಹಾಕಿ, ಅವಳನ್ನು ವಿಚಾರಣೆಯ ಕಿಟಕಿಗೆ ಕಳಿಸಿದರು. ದಿನವಿಡೀ ತಲೆಯ ಮೇಲೆ ಅವಳದೇ ದನಿ.

ಬಸ್ಸು ತಪ್ಪಿಸಿಕೊಂಡ ಮುದುಕನೊಬ್ಬ ಕಿಟಕಿಗೆ ಬಂದ. "ಮುಂಚೆ ಒಬ್ಬಾಕೆ ಮನೆಯೋರ ಹಾಗೆ ಕೂಗಿ ಹೇಳ್ತಿದ್ರಲ್ಲ ತಾಯಿ, ಎಲ್ಲಿ ಹೋದ್ರು? ಈಯಮ್ಮ ಹೇಳೋದು ನನಗೆ ಒಂದಕ್ಷರ ತಿಳಿಯಲ್ಲ."

"ಮುಂದಿನ ಬಸ್ಸು ಎಡಗಡೆ ಕೊನೇಲಿ ಬರತ್ತೆ ಅಜ್ಜಾ" ಎಂದು ಕೈ ತೋರಿಸಿದಳು.

ಅವನು ಬಲಕ್ಕೆ ತಿರುಗಿದ. ಅವಳು ಎದ್ದು, ಕಿಟಕಿಗೆ ಬಾಯಿಟ್ಟು ಕೂಗಿದಳು. ಅದೇ ಹೊತ್ತಿಗೆ ಮೇಲಿನ ದನಿ ಶುರುವಾಯಿತು, ಮೊದಲು ಇಂಗ್ಲಿಷಿನಲ್ಲಿ. ಮುದುಕ ಹಿಂದಿರುಗಿ ನೋಡದೆ ಜನರ ನಡುವೆ ನಡೆದುಹೋದ.