ಪೂಜೆಗೆ ಮುಂಚಿನ ಗುಳಿಗೆ

ನಮ್ಮ ಮಾವನವರಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದ ವಾರದಲ್ಲೇ ಚನ್ನಗಿರಿಯ ನಮ್ಮ ಮನೆಗೆ ಮೆದುಳು ತಜ್ಞರ ದಂಡು ಬಂತು. ಒಬ್ಬರಿಗೂ ಡಾಕ್ಟರಿಕೆ ಗೊತ್ತಿರಲಿಲ್ಲ, ಎಲ್ಲರೂ ನೆಂಟರು. ಹೊನ್ನಾಳಿಯ ಚಿಕ್ಕತ್ತೆ ಒಂದೆಲಗದ ಸೊಪ್ಪು ತಂದರು. ನ್ಯಾಮತಿಯ ಬೀಗರು ತುಪ್ಪ ತಂದು, ಮೆದುಳು ಒಣಗಿದೆ, ಜಿಡ್ಡು ಹಾಕಬೇಕು ಎಂದರು, ಮಾವನವರು ಗಾಡಿಯ ಅಚ್ಚು ಅನ್ನುವ ಹಾಗೆ. ಜಗಳೂರಿನಿಂದ ಬಂದವರೊಬ್ಬರು ಬಾದಾಮಿ ತಂದು, ಟೀ ಆಗುವಷ್ಟರಲ್ಲಿ ಅರ್ಧ ತಾವೇ ಮುಗಿಸಿದರು. ಅವರ ಮೆದುಳಿಗೂ ಬೇಕಾಗಿತ್ತೇನೋ.

ದಾವಣಗೆರೆಯ ಡಾಕ್ಟರ್ ಹೇಳಿದ್ದು ಇಷ್ಟೇ. ಈ ಕಾಯಿಲೆ ವಾಸಿಯಾಗುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ, ಆದರೆ ಗುಳಿಗೆಯಿಂದ ಕೈಕಾಲು ಹಿಡಿತದಲ್ಲಿರುತ್ತವೆ. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ, ನೀರಿನ ಜೊತೆ ನುಂಗಬೇಕು. ಹಾಲು, ಮೊಸರು, ಬೇಳೆ ಮೈಗೆ ಬೇಕು, ಆದರೆ ಗುಳಿಗೆಯ ಜೊತೆಗೇ ಹೊಟ್ಟೆಗಿಳಿದರೆ ಗುಳಿಗೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಅವನ್ನು ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ.

ಅತ್ತೆ ಅಲ್ಲಿ ಚೆನ್ನಾಗಿ ತಲೆಯಾಡಿಸಿ, ಮನೆಗೆ ಬಂದು ಗುಳಿಗೆಯ ಜೊತೆ ದೊಡ್ಡ ಲೋಟ ಹಾಲು ಕೊಟ್ಟರು. ಬರಿಹೊಟ್ಟೆಗೆ ಗುಳಿಗೆ ಬಿದ್ದರೆ ಉಷ್ಣವಂತೆ. ಅದನ್ನು ನಾನು ಜಗಳವಾಡಿ ಬಿಡಿಸಿದೆ. ಆದರೆ ಮಾವನವರ ನೇಮದ ಮುಂದೆ ನನ್ನ ಮಾತೇನೂ ನಡೆಯಲಿಲ್ಲ.

ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಅವರು ಗುಟುಕು ನೀರೂ ಕುಡಿಯುವವರಲ್ಲ. ಈಗ ಬೆಳಗ್ಗೆ ಎದ್ದರೆ ಆ ಅಂಗೈಯೇ ಜರಡಿ ಆಡಿಸಿದ ಹಾಗೆ ನಡುಗುತ್ತದೆ. ಗುಳಿಗೆ ಇಳಿಯದೆ ನಡುಕ ನಿಲ್ಲದು, ಪೂಜೆ ಆಗದೆ ಗುಳಿಗೆ ಇಳಿಯದು. ಶಿವನೂ ಡಾಕ್ಟರೂ ಕೂತು ಮಾತಾಡಿಕೊಳ್ಳಬೇಕಾದ ವಿಷಯಕ್ಕೆ ನಾನು ಸಿಕ್ಕಿಕೊಂಡೆ.

"ಗುಳಿಗೆ ಊಟ ಅಲ್ಲ ಮಾವ, ಔಷಧಿ."

"ಗಂಟಲಾಗೆ ಇಳಿದದ್ದೆಲ್ಲ ಊಟನೇ ತಾಯಿ."

"ಮತ್ತೆ ಎದ್ದ ಕೂಡ್ಲೇ ಅಡಿಕೆ ಹಾಕ್ಕಂತೀರಲ್ಲ?"

"ಅದನ್ನ ಉಗುಳ್ತೀನಲ್ಲವ್ವ."

ಇಂಥ ವಕೀಲರ ಹತ್ತಿರ ಯಾರು ಗೆಲ್ಲುತ್ತಾರೆ?

ಒಂದು ಬೆಳಗ್ಗೆ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ಸದ್ದು ಸಣ್ಣದು, ಆದರೆ ಮಾವನವರ ಮುಖ ಬಿಳಿಚಿಕೊಂಡಿತು. ನನ್ನ ಗಂಡ ಓಡಿಬಂದು, ನಾಳೆಯಿಂದ ಕೈ ನಾನು ಹಿಡಿದುಕೊಳ್ಳುತ್ತೇನೆ ಎಂದರು. "ನನ್ನ ಪೂಜೆ ನೀನ್ಯಾಕೆ ಮಾಡ್ತೀಯೋ," ಎಂದರು ಮಾವನವರು. ಆಮೇಲೆ ಗೋಡೆ ಕಡೆ ತಿರುಗಿ, "ಇನ್ನು ನಾನು ಲಿಂಗ ಹಿಡಿಯಾಕೆ ಲಾಯಕ್ಕಿಲ್ಲ," ಎಂದರು. ಅವತ್ತು ಅವರು ಉಣ್ಣಲಿಲ್ಲ. ಇಷ್ಟು ದಿನ ತಮಾಷೆ ಮಾಡಿದ್ದೇ ನನಗೆ ಬೇಸರ ತರಿಸಿತು.

ಮಾರನೆಯ ಬೆಳಗ್ಗೆ ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಮಿಂದು, ತಮ್ಮ ಪೂಜೆ ಮುಗಿಸಿ, ಒಂದು ಬಟ್ಟಲು ಹಿಡಿದು ಮಾವನವರ ಮಂಚದ ಹತ್ತಿರ ನಿಂತರು. ಇನ್ನೊಂದು ಕೈಯಲ್ಲಿ ಗುಳಿಗೆ. ನಾನು ಹಾಲೇನಾದರೂ ಇದೆಯೇ ಎಂದು ಬಟ್ಟಲಿಗೆ ಇಣುಕಿದೆ. ಬರೀ ನೀರು.

"ತಗಳ್ರಿ, ತೀರ್ಥ."

ಮಾವನವರು ಬಟ್ಟಲನ್ನೂ ಹೆಂಡತಿಯನ್ನೂ ನೋಡಿದರು. ನಮ್ಮ ಮನೆಯಲ್ಲಿ ತೀರ್ಥ ಕೊಡುವವರು ಅವರು, ಕೈಯೊಡ್ಡುವವರು ಅತ್ತೆ. ಮದುವೆಯಾದಾಗಿನಿಂದ ಅದು ತಿರುಗಿದ್ದೇ ಇಲ್ಲ.

"ಮೊದಲು ನಂದು ಪೂಜೆ ಆಗ್ಬೇಕು," ಎಂದು ಗೊಣಗಿದರು.

"ಇಷ್ಟು ವರ್ಷ ನಿಮ್ಮ ತೀರ್ಥ ನಾನು ತಗಂಡಿಲ್ವಾ? ನನ್ನ ಲಿಂಗದಾಗೆ ಇರೋನು ಬೇರೆ ಶಿವನೇನ್ರಿ?"

ಅಡಿಕೆ ಉಗುಳಿ ನನ್ನನ್ನು ಸೋಲಿಸಿದ ವಕೀಲರು ಮಂಚದ ಮೇಲೆ ಎದ್ದು ಕೂತರು. ಗುಳಿಗೆಗೆ ಬಾಯಿ ತೆರೆದರು. ಅತ್ತೆ ಗುಳಿಗೆ ಹಾಕಿ ತೀರ್ಥ ಹೊಯ್ದರು.

ಗುಳಿಗೆ ಹತ್ತುವ ತನಕ ಮಾವನವರು ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಮಣೆಯ ಮೇಲೆ ಕೂತರು. ಬೆರಳುಗಳು ಸ್ವಲ್ಪ ಅದುರುತ್ತಲೇ ಇದ್ದವು. ಲಿಂಗ ಮಾತ್ರ ಅಂಗೈಯಲ್ಲೇ ಕೂತಿತ್ತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತಿದೆ, ಡಾಕ್ಟರ್ ಗುಳಿಗೆ ಹೆಚ್ಚಿಸುತ್ತಿದ್ದಾರೆ. ಹೆಂಡತಿಗಾಗಿ ಒಂದು ದಿನವೂ ಕಾಯದಿದ್ದ ಮಾವನವರು ಈಗ ಬೆಳಗ್ಗೆ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಅತ್ತೆಯ ಪೂಜೆ ಮುಗಿಯುವುದನ್ನು ನೋಡುತ್ತಾ ಕೂತಿರುತ್ತಾರೆ.