ಬಚ್ಚಲ ಅಟ್ಟದ ಮೇಲಿನ ರೈಲು

ನನಗೆ ಅಕ್ಷರ ಬರುವುದು ಅಷ್ಟಕ್ಕಷ್ಟೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ಚಿತ್ರ ಮಾತ್ರ ನಾನು ಮರೆತವಳಲ್ಲ.

ಉಪ್ಪಿನ ಸತ್ಯಾಗ್ರಹದ ಗಲಾಟೆ ಮುಗಿದು ಎರಡು ಮೂರು ವರ್ಷವಾಗಿತ್ತು. ಹಟ್ಟಿಕೇರಿಯಲ್ಲಿ ನನ್ನಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಕಾರವಾರದ ಹಬ್ಬುವಾಡದ ಒಬ್ಬ ಮಾಸ್ತರರದ್ದು. ಅವರ ಮನೆಯ ಕಸ ಮುಸುರೆಗೆ ಅಪ್ಪ ನನ್ನನ್ನು ಬಿಟ್ಟು ಬಂದ. ನನಗಾಗ ಹನ್ನೊಂದೋ ಹನ್ನೆರಡೋ. ಮನೆಯಲ್ಲಿ ಮಾಸ್ತರರು, ಅವರ ಹೆಂಡತಿ, ಇಬ್ಬರೇ.

ಮಾಸ್ತರರಿಗೆ ಒಂದು ಹುಚ್ಚು. ಬಂದರಿಗೆ ಬರುವ ಹಡಗಿನ ಬಿಳಿ ಖಲಾಸಿಗಳು ಓದಿ ಬಿಸಾಕಿದ ಇಂಗ್ಲಿಷ್ ಕತೆಪುಸ್ತಕಗಳನ್ನು ರದ್ದಿ ಅಂಗಡಿಯಲ್ಲಿ ಹುಡುಕಿ ತರುತ್ತಿದ್ದರು. ತೆಳು ಪುಸ್ತಕಗಳು, ಕೆಲವು ಮಾಸ್ತರರಿಗಿಂತ ಹಳೆಯವು. ಒಳಗಿನ ಕತೆ ಅವರಿಗೆ ಬೇಕಿರಲಿಲ್ಲ, ಮೇಲಿನ ಚಿತ್ರ ಬೇಕಿತ್ತು. ತಗಡಿನ ಪೆಟ್ಟಿಗೆ ತುಂಬ ಅವೇ.

ಆ ಪೆಟ್ಟಿಗೆ ತೆರೆದ ದಿನ ನಾನು ಗುಡಿಸುವುದನ್ನೇ ಮರೆತು ನಿಂತೆ. ಒಬ್ಬಳು ಬಾಯಲ್ಲಿ ಚೂರಿ ಕಚ್ಚಿಕೊಂಡು ಹಗ್ಗ ಹಿಡಿದು ಕಣಿವೆ ದಾಟುತ್ತಿದ್ದಳು. ಹೆಂಗಸು ಹಾಗೂ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಇನ್ನೊಂದರಲ್ಲಿ ಸೇತುವೆ ಮುರಿದು ರೈಲು ಹೊಳೆಗೆ ಬೀಳುತ್ತಿತ್ತು. ನಮ್ಮ ಸೀಮೆಗೆ ಆಗ ರೈಲೇ ಬಂದಿರಲಿಲ್ಲ. ಮನೆಗಳ ಸಾಲೊಂದು ದೀಪ ಹಚ್ಚಿಕೊಂಡೇ ನೀರಿಗೆ ಜಾರುತ್ತಿದೆ ಅಂದುಕೊಂಡೆ. ಕಿಟಕಿಯಿಂದ ಒಬ್ಬ ತಾಯಿ ಮಗುವನ್ನು ಹೊರಗೆ ಹಿಡಿದಿದ್ದಳು. ಅದು ಬಿತ್ತೋ ಉಳಿಯಿತೋ ಎಂದು ನಾಲ್ಕು ದಿನ ನನಗೆ ಗಂಜಿ ಸೇರಲಿಲ್ಲ.

ಮಾಸ್ತರರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಷ್ಟೋ ಪುಸ್ತಕ ಸಿಕ್ಕಿದ್ದು ಕಣ್ಣು ಮಂಜಾದ ಮೇಲೆ. ಮೂಗಿಗೆ ತಾಗಿಸಿ ನೋಡಿದರೂ ಎಲ್ಲ ಹೊಗೆ ಹಿಡಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಮಳೆ ಹಿಡಿಯುವ ಮೊದಲು ಪೊರೆ ತೆಗೆಸಲು ಘಟ್ಟ ಹತ್ತಿ ಮಿರಜಕ್ಕೆ ಹೊರಟರು. ಹೊರಡುವಾಗ ನನ್ನನ್ನು ಕರೆದರು.

"ಹುಡ್ಗಿ, ಪೆಟ್ಗೆಗೆ ಥಂಡಿ ತಾಗೂಕೆ ಬಿಡಬೇಡ. ಕಣ್ಣು ಬಂದ್ಮೇಲೆ ಇವ್ಗಳ ಬಣ್ಣ ನೋಡೂದೇ ನನ್ನ ಮೊದ್ಲ ಕೆಲ್ಸ."

ಆಷಾಢದಲ್ಲಿ ಪೆಟ್ಟಿಗೆ ತೆರೆದರೆ ಚೂರಿಯವಳ ಮುಖಕ್ಕೆ ಬಿಳಿ ಬೂಸ್ಟು. ಹದಿನೈದು ದಿನದಿಂದ ಬಿಸಿಲಿಲ್ಲ. ಒಡತಿಗೆ ಹೇಳಿದರೆ ಒಲೆಗೆ ಹಾಕು ಎನ್ನುವವಳು. ನಮ್ಮ ಕಡೆ ಥಂಡಿ ತಾಗಬಾರದ ವಸ್ತುವಿಗೆ ಒಂದೇ ಜಾಗ, ಒಲೆಯ ಮೇಲಿನ ಅಟ್ಟ. ಸೌತೆಬೀಜ, ಒಣಬಂಗಡೆ, ಅಜ್ಜಿಯ ಕಂಬಳಿ, ಎಲ್ಲ ಅಲ್ಲಿಯೇ. ಇಲ್ಲಿ ಅಡುಗೆಮನೆಗೆ ನಾನು ಕಾಲಿಡುವಂತಿರಲಿಲ್ಲ. ನೀರು ಕಾಯಿಸುವ ಬಚ್ಚಲ ಒಲೆ ನನ್ನದು. ಅದರ ಅಟ್ಟದ ಮೇಲೆ, ಒಡತಿಯ ಒಣಬಂಗಡೆಯ ಪಕ್ಕ, ಪುಸ್ತಕಗಳನ್ನು ಒಂದೊಂದಾಗಿ ಹರವಿದೆ. ದಿನಾ ಹತ್ತಿ ಮಗುಚಿದೆ. ಮಗುಚುವಾಗ ಒಂದೊಂದನ್ನೂ ಕಣ್ಣು ತುಂಬ ನೋಡಿದೆ. ಬೂಸ್ಟು ಹೋಯಿತು. ಅದರ ಜೊತೆ ಇನ್ನೇನು ಹೋಗುತ್ತಿದೆ ಎನ್ನುವುದು ಆ ಕತ್ತಲಲ್ಲಿ ದಿನಾ ನೋಡುವವಳಿಗೆ ತಿಳಿಯಲಿಲ್ಲ.

ಗಣೇಶ ಚವತಿಗೆ ಮುಂಚೆ ಮಾಸ್ತರರು ದಪ್ಪ ಕನ್ನಡಕ ಹಾಕಿಕೊಂಡು ಬಂದರು. ಕಾಲು ತೊಳೆದವರೇ ಪುಸ್ತಕ ಕೇಳಿದರು. ನಾನು ಬೀಗುತ್ತ ಅಟ್ಟದಿಂದ ಇಳಿಸಿ ಜಗಲಿಗೆ ತಂದೆ. ಹೊರಗಿನ ಬೆಳಕಿನಲ್ಲಿ ಆಗ ನನಗೂ ಕಂಡಿತು. ಆಕಾಶ, ಹೊಳೆ, ಲಂಗ, ರೈಲು, ಎಲ್ಲಕ್ಕೂ ಹೊಗೆ ಹಿಡಿದು ಹಳೇ ಬೆಲ್ಲದ ಬಣ್ಣ. ಮೇಲೆ ಒಣಮೀನಿನ ವಾಸನೆ.

"ಸಾರು ಮಾಡೂಕೆ ಅಡ್ಡಿಲ್ಲ," ಎಂದಳು ಒಡತಿ, ಮೂಗು ಮುಚ್ಚಿಕೊಂಡು.

ಮಾಸ್ತರರು ರೈಲಿನ ಪುಸ್ತಕವನ್ನು ಮೂಗಿಗೆ ತಾಗಿಸಿ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು.

"ಪೊರೆ ತೆಗೆಸ್ಕಂಡು ಬಂದ್ರೂ ಮೊದ್ಲಿನ ಹಂಗೇ ಕಾಣ್ತದಲ್ಲೇ," ಎಂದರು. ಚಿತ್ರದ ಮೇಲೆ ಬೆರಳಿಟ್ಟು, "ಈ ಹೊಳೆ ಯಾವ ಬಣ್ಣ ಇತ್ತು?"

"ಹಸ್ರು, ಒಡ್ಯಾ. ಮಳೆ ಬರೂ ಮುಂಚೆ ಬೇಲೆಕೇರಿ ಸಮುದ್ರ ಇರ್ತದಲ್ಲ, ಆ ಹಸ್ರು. ಕಿಟ್ಕಿ ದೀಪ ಅರಿಶಿನ. ಮಗೂನ ಅಂಗಿ ಕೆಂಪು, ಕುತ್ಗೆ ಹತ್ರ ಬಿಳಿ ಪಟ್ಟಿ."

ಮಿರಜದಿಂದ ತಂದ ಕಣ್ಣನ್ನು ಅವರು ಮುಚ್ಚಿಕೊಂಡರು. ಮುಂದಿನದು ಹೇಳು ಎಂದರು.

ಹೇಳಿದೆ. ಪೆಟ್ಟಿಗೆ ಪೂರ್ತಿ ಹೇಳಿದೆ. ಎಲ್ಲಿಯೂ ತಡವರಿಸಲಿಲ್ಲ. ಅಷ್ಟೆಲ್ಲ ಬಣ್ಣ ನನ್ನೊಳಗೆ ಕೂತಿದ್ದು ಅವತ್ತಿನವರೆಗೆ ನನಗೇ ಗೊತ್ತಿರಲಿಲ್ಲ. ನಡುವೆ ಒಡತಿಯೂ ಬಾಗಿಲಿಗೆ ಬಂದು ನಿಂತಳು, ಮೂಗಿನ ಮೇಲಿನ ಸೆರಗು ಬಿಟ್ಟಿದ್ದಳು. ಬಚ್ಚಲ ಒಲೆ ಆರಿಯೇ ಹೋಯಿತು. ಬಿಸಿನೀರು ಎಲ್ಲಿ ಎಂದು ಯಾರೂ ಕೇಳಲಿಲ್ಲ.